ಸ್ಮೂದಿ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ಹಣ್ಣಿನ ತಂಪು ಪಾನೀಯದ ಚರಿತ್ರೆ

ಕಳಿತ ಹಣ್ಣನ್ನು ಫ್ರೀಜರಿನಲ್ಲಿಟ್ಟು ಗಟ್ಟಿಮಾಡಿ, ಹಾಲು, ಮೊಸರು ಅಥವಾ ತೆಂಗಿನಹಾಲಿನೊಡನೆ ಮಿಕ್ಸಿಯಲ್ಲಿ ರುಬ್ಬಿ ತಯಾರಿಸುವ ಮಂದ ಪಾನೀಯವೇ ಸ್ಮೂದಿ. ಜ್ಯೂಸಿನಲ್ಲಿ ರಸವನ್ನು ಸೋಸಿಕೊಂಡು ಸಿಪ್ಪೆ ನಾರುಗಳನ್ನು ಚೆಲ್ಲುತ್ತಾರೆ. ಸ್ಮೂದಿಯಲ್ಲಿ ತಿರುಳೆಲ್ಲ ಲೋಟಕ್ಕೆ ಬರುತ್ತದೆ. ಮಿಲ್ಕ್‌ಶೇಕಿಗೆ ಐಸ್ ಇಲ್ಲವೆ ಐಸ್‌ಕ್ರೀಮ್ ಬೇಕು. ಇಲ್ಲಿ ಹಣ್ಣೇ ಐಸಿನ ಕೆಲಸವನ್ನೂ ಮಾಡುತ್ತದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ಬಾಳೆ, ತೆಂಗು, ಬೆಲ್ಲ, ಹಾಲು, ಜೇನು ಎಲ್ಲವೂ ಬಹುಕಾಲದಿಂದ ಇವೆ. ಇಲ್ಲದಿದ್ದುದು ಶೈತ್ಯ ಒಂದೇ. ಆದ್ದರಿಂದ ಈ ಸೀಮೆಯ ಸ್ಮೂದಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಅಡುಗೆಮನೆಗೆ ತಣುಪು ಬಂದ ಚರಿತ್ರೆ.

ಹಣ್ಣನ್ನು ಹಿಸುಕಿ ಸಿಹಿ ಬೆರೆಸಿ ಸೇವಿಸುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅನ್ನಭೋಗದಂತೆ ಪಾನೀಯಭೋಗಕ್ಕೂ ಪ್ರತ್ಯೇಕ ಸ್ಥಾನವಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ಸೂಪಶಾಸ್ತ್ರವೂ ಪಾನಕಗಳನ್ನು ಮರೆತಿಲ್ಲ. ಗ್ರಂಥಗಳಿಗಿಂತ ಹತ್ತಿರದ ಸಾಕ್ಷಿ ಮನೆಯ ಅಡುಗೆಯೇ. ಬಾಳೆಹಣ್ಣನ್ನು ಹೆಚ್ಚಿ, ಬೆಲ್ಲ, ಕಾಯಿಹಾಲು, ಏಲಕ್ಕಿ ಸೇರಿಸಿದರೆ ರಸಾಯನ. ಮಾವಿನ ತಿರುಳಿಗೆ ಹಾಲು, ಸಕ್ಕರೆ ಹಾಕಿದರೆ ಸೀಕರಣೆ. ರಾಮನವಮಿಯಂದು ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಕರಬೂಜದ ಪಾನಕವನ್ನೋ ಬೇಲದ ಹಣ್ಣಿನ ಪಾನಕವನ್ನೋ ಮಾಡಿ ಕೋಸಂಬರಿಯೊಡನೆ ಹಂಚುವುದು ಇಂದಿಗೂ ನಡೆದಿದೆ. ಇವುಗಳಿಗೆ ಇದ್ದ ತಂಪೆಂದರೆ ಮಣ್ಣಿನ ಮಡಕೆಯ ನೀರಿನ ತಂಪು, ಅಷ್ಟೇ.

ಹಾಲಿಗೆ ಹಣ್ಣು ಬೆರೆಸಬಾರದೆಂಬ ಮಾತೂ ಅಷ್ಟೇ ಹಳೆಯದು. ಚರಕಸಂಹಿತೆ ಹಾಲಿನ ಜೊತೆ ವಿರುದ್ಧವಾಗುವ ಹಣ್ಣುಗಳ ಪಟ್ಟಿಯಲ್ಲಿ ಬಾಳೆ, ಮಾವುಗಳನ್ನೂ ಸೇರಿಸುತ್ತದೆ. ಮಕ್ಕಳಿಗೆ ಶೀತವಾದೀತೆಂದು ಮನೆಯ ಹಿರಿಯರು ಗದರುವುದರ ಹಿಂದೆ ಈ ನಂಬಿಕೆಯ ಎಳೆಯಿದೆ. ಆದರೆ ಅದೇ ಹಿರಿಯರು ದೇವಸ್ಥಾನದ ಪಂಚಾಮೃತದಲ್ಲಿ ಹಾಲು, ಮೊಸರು, ಜೇನಿನೊಡನೆ ಬಾಳೆಹಣ್ಣು ಬಿದ್ದಿದ್ದರೆ ಕಣ್ಣಿಗೊತ್ತಿಕೊಂಡು ಸೇವಿಸುತ್ತಾರೆ! ಶಾಸ್ತ್ರಕ್ಕೂ ರೂಢಿಗೂ ಇರುವ ಈ ಅಂತರದಲ್ಲಿಯೇ ಹಣ್ಣು–ಹಾಲಿನ ಪಾನೀಯ ಬದುಕಿ ಬಂದಿದೆ.

ಹಣ್ಣುಗಳ ಪೈಕಿ ಇಲ್ಲಿ ಬಾಳೆಯದೇ ದರ್ಬಾರು. ಉಷ್ಣವಲಯದ್ದೆಂದು ಕರೆಸಿಕೊಳ್ಳುವ ಉಳಿದ ಹಲವು ಹಣ್ಣುಗಳು ಹೊರಗಿನವು: ಪರಂಗಿ, ಅನಾನಸ್, ಸೀಬೆ, ಸಪೋಟ ಎಲ್ಲವೂ ಅಮೆರಿಕ ಖಂಡದಿಂದ ಯೂರೋಪಿಯನ್ನರ ಹಡಗುಗಳ ಕಾಲದಲ್ಲಿ ಬಂದವು. ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿರುವ ಈ ಸೀಮೆಯಲ್ಲಿ ಬೋರ್‌ವೆಲ್ ನೀರು ಸಿಕ್ಕ ಕಡೆಯೆಲ್ಲ ಬಾಳೆ ಎದ್ದಿತು. ಏಲಕ್ಕಿ ಬಾಳೆ, ಪಚ್ಚಬಾಳೆ, ಕೇರಳದ ಮಾರುಕಟ್ಟೆಗೆಂದೇ ಬೆಳೆಯುವ ನೇಂದ್ರ, ಅಂಗಾಂಶ ಕೃಷಿಯ ಸಸಿಗಳಿಂದ ಹಬ್ಬಿದ ಜಿ9 ಇವು ಮುಖ್ಯ ತಳಿಗಳು. ಪಕ್ಕದ ನಂಜನಗೂಡಿನ ರಸಬಾಳೆ ಭೌಗೋಳಿಕ ಗುರುತು ಪಡೆದ ಹೆಸರಾಂತ ತಳಿ. ಆದರೆ ಪನಾಮಾ ಸೊರಗು ರೋಗದಿಂದ ಅದರ ಬೇಸಾಯ ಕುಗ್ಗಿ, ಈಗ ಹುಡುಕಿ ಕೊಳ್ಳಬೇಕಾದ ಹಣ್ಣಾಗಿದೆ. ಅದನ್ನು ಮಿಕ್ಸಿಗೆ ಹಾಕುವುದು ಅಪಚಾರವೆಂದೇ ಈ ಲೇಖಕನ ಅಭಿಪ್ರಾಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಇಳಿಸುವ ಜೇನು ಸಕ್ಕರೆಯ ಬದಲಿಗೆ ಒದಗುತ್ತದೆ. ಹಾಲಿಗೆ ಕುದೇರಿನ ಡೇರಿ ಇದೆ.

ಇನ್ನು ತಣುಪಿನ ಕಥೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೆರೆಯ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತೆಗೆ ಬಂತು. ಕೆಲವೇ ವರ್ಷಗಳಲ್ಲಿ ಮದರಾಸಿನ ಕಡಲದಂಡೆಯಲ್ಲಿ ಅದನ್ನು ಕೂಡಿಡಲು ಐಸ್‌ಹೌಸ್ ಎದ್ದಿತು. ಅದು ದೊರೆಗಳ, ದೊಡ್ಡವರ ಗಾಜಿನ ಲೋಟಗಳಿಗೆ ಮಾತ್ರ. ಒಳನಾಡಿಗೆ ಶೈತ್ಯ ಬರಲು ವಿದ್ಯುತ್ತೇ ಬರಬೇಕಾಯಿತು. ವಿದ್ಯುತ್ತು ಹುಟ್ಟಿದ್ದೂ ದೂರದಲ್ಲಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಗಡಿಯಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ತೆಗೆದರು. ಆದರೆ ಅದು ಮೊದಲು ಹೋದದ್ದು 140 ಕಿ.ಮೀ.ಗೂ ಆಚೆಯ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಸುತ್ತಲಿನ ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ಮುಂದೆ ಬಡವರ ಮನೆಗೆ ಬಂದ ಭಾಗ್ಯಜ್ಯೋತಿ ಯೋಜನೆಯ ಕರೆಂಟೂ ಒಂದು ದೀಪಕ್ಕೆ ಸಾಕಾಗುವಷ್ಟೇ ಇತ್ತು. ಹೀಗಾಗಿ ಹಳ್ಳಿಯ ಮಕ್ಕಳು ಮೊದಲು ಕಂಡ ಶೈತ್ಯವೆಂದರೆ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ ಐಸ್‌ಕ್ಯಾಂಡಿ.

ರುಬ್ಬುವ ಯಂತ್ರದ ಹಾದಿ ಬೇರೆ. ಅಮೆರಿಕದ ಸೋಡಾ ಅಂಗಡಿಗಳಲ್ಲಿ ಹಾಲಿನ ಪಾನೀಯ ಕಲಸಲೆಂದು ಸ್ಟೀಫನ್ ಪೊಪ್ಲಾವ್ಸ್ಕಿ ಎಂಬಾತ ಪಾತ್ರೆಯ ತಳದಲ್ಲಿ ಅಲಗು ತಿರುಗುವ ಯಂತ್ರ ರೂಪಿಸಿ 1922ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. 1930ರ ದಶಕದ ಕೊನೆಗೆ ವೇರಿಂಗ್ ಬ್ಲೆಂಡರ್ ಅಲ್ಲಿನ ಮನೆಗಳನ್ನು ಸೇರಿತು. ಹಣ್ಣಿನ ಸ್ಮೂದಿ ಬೆಳೆದದ್ದು ಅದರ ಬೆನ್ನಲ್ಲೇ. ಭಾರತದಲ್ಲಿ ಚಟ್ನಿ, ಮಸಾಲೆ ಅರೆಯುವ ತಾಕತ್ತಿನ ಮಿಕ್ಸಿ ಬಂದದ್ದು 1960ರ ದಶಕದಲ್ಲಿ, ಸುಮೀತ್ ಹೆಸರಿನಲ್ಲಿ. ಗೋದ್ರೆಜ್ ಕಂಪನಿ 1958ರಲ್ಲೇ ಫ್ರಿಜ್ಜು ತಯಾರಿಸತೊಡಗಿತ್ತು. ಆದರೂ ಮಧ್ಯಮವರ್ಗದ ಮನೆಗಳಿಗೆ ಮಿಕ್ಸಿ ಮೊದಲು ಬಂತು, ಫ್ರಿಜ್ಜು ಬಹಳ ತಡವಾಗಿ ಬಂತು. ಈ ನಡುವಿನ ಕಾಲದ ಹಣ್ಣಿನ ಪಾನೀಯಕ್ಕೆ ಜನ ಜ್ಯೂಸ್ ಅಂಗಡಿಗೇ ಹೋಗಬೇಕಿತ್ತು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹಾಪ್‌ಕಾಮ್ಸ್‌ನ ಮಳಿಗೆಗಳು ತಾಜಾ ಹಣ್ಣಿನ ರಸಕ್ಕೆ ಒಂದು ಗೌರವ ತಂದವು.

ಗುಂಡ್ಲುಪೇಟೆಗೆ ಇನ್ನೊಂದು ಬಾಗಿಲೂ ಇತ್ತು. ಮೈಸೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಊಟಿಗೆ, ಇನ್ನೊಂದು ವಯನಾಡು ಹಾದು ಕೋಳಿಕ್ಕೋಡಿಗೆ ಹೋಗುತ್ತದೆ. ತರಕಾರಿ, ನೇಂದ್ರದ ಗೊನೆ ತುಂಬಿದ ಲಾರಿಗಳು ಇಳಿದುಹೋಗುವ ಆ ದಾರಿಯ ತುದಿಯಲ್ಲಿ, ಮಲಬಾರಿನ ಕೂಲ್‌ಬಾರ್‌ಗಳಲ್ಲಿ, ಷಾರ್ಜಾ ಶೇಕ್ ಎಂಬ ಪಾನೀಯ ಹೆಸರು ಮಾಡಿತ್ತು. ಇದರಲ್ಲಿ ಹೆಪ್ಪುಗಟ್ಟುವುದು ಹಣ್ಣಲ್ಲ, ಹಾಲು. ಕಲ್ಲಿನಂತಾದ ಹಾಲಿನ ಪ್ಯಾಕೆಟ್ಟನ್ನು ಕುಟ್ಟಿ ಪುಡಿಮಾಡಿ, ಬಾಳೆಹಣ್ಣು, ಸಕ್ಕರೆ ಹಾಕಿ ರುಬ್ಬಿ, ಮೇಲೆ ಬೂಸ್ಟ್ ಇಲ್ಲವೆ ಹಾರ್ಲಿಕ್ಸ್ ಪುಡಿ ಉದುರಿಸುತ್ತಾರೆ. ಐಸ್ ಹಾಕಿದರೆ ಕರಗಿ ನೀರಾಗುತ್ತದೆ, ಹಾಲನ್ನೇ ಐಸ್ ಮಾಡಿದರೆ ರುಚಿ ತೆಳುವಾಗುವುದಿಲ್ಲ ಎಂಬ ಜಾಣತನ ಇದರದು. ಮನೆಯ ಸ್ಮೂದಿಯ ತತ್ತ್ವವೂ ಇದೇ.

ಹಣ್ಣನ್ನೇ ಹೆಪ್ಪುಗಟ್ಟಿಸುವಾಗ ಬಾಳೆಯಷ್ಟು ಒಗ್ಗುವ ಹಣ್ಣು ಮತ್ತೊಂದಿಲ್ಲ. ಕಾಯಿ ಹಣ್ಣಾಗುವಾಗ ಅದರ ಪಿಷ್ಟ ಬಹುಪಾಲು ಸಕ್ಕರೆಯಾಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ತಿರುಳು ಪೂರ್ತಿ ಕಲ್ಲಾಗದೆ ಅಲಗಿಗೆ ಮಣಿಯುತ್ತದೆ. ಪೆಕ್ಟಿನ್ ಮತ್ತು ಮೆತ್ತನೆಯ ನಾರು ಐಸ್‌ಕ್ರೀಮಿನ ನುಣುಪು ಕೊಡುತ್ತವೆ. ಮನೆಯ ಫ್ರೀಜರಿನ ಸುಮಾರು ಮೈನಸ್ 18 ಡಿಗ್ರಿಯಲ್ಲಿ ಹಣ್ಣು ನಿಧಾನವಾಗಿ ಗಟ್ಟಿಯಾಗುವುದರಿಂದ ಹಿಮದ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಒಡೆಯುತ್ತವೆ. ಕರಗಿಸಿ ತಿನ್ನುವವರಿಗೆ ಇದು ದೋಷ, ರುಬ್ಬುವವರಿಗೆ ಅನುಕೂಲ. ಸಿಪ್ಪೆಯೊಡನೆ ಇಟ್ಟರೆ ಹಣ್ಣು ಕಪ್ಪಾಗುತ್ತದೆ, ಸುಲಿಯಲೂ ಬಾರದು. ಆದ್ದರಿಂದ ಸಿಪ್ಪೆಯ ಮೇಲೆ ಚುಕ್ಕೆ ಬಿದ್ದ, ಚೆನ್ನಾಗಿ ಕಳಿತ ಹಣ್ಣನ್ನು ಸುಲಿದು, ಬಿಲ್ಲೆಗಳಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿಮಾಡಿ, ಆಮೇಲೆ ಡಬ್ಬಿಗೆ ತುಂಬುವುದು ಕ್ರಮ. ನಿಂಬೆರಸದ ನಾಲ್ಕು ಹನಿ ಬಣ್ಣ ಕೆಡದಂತೆ ತಡೆಯುತ್ತದೆ.

ಅನಾನಸ್ಸಿನ ವಿಷಯದಲ್ಲಿ ಎಚ್ಚರ ಬೇಕು. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಮುರಿದು ಪಾನೀಯವನ್ನು ಕಹಿಮಾಡುತ್ತದೆ. ಫ್ರೀಜರಿನ ಚಳಿಗೆ ಅದು ಸಾಯುವುದಿಲ್ಲ, ಚೆನ್ನಾಗಿ ಬಿಸಿಮಾಡಿದರೆ ಸಾಯುತ್ತದೆ. ಅನಾನಸ್ ಹಾಕುವವರು ಕಾಯಿಹಾಲು ಬಳಸುವುದು, ರುಬ್ಬಿದ ಕೂಡಲೇ ಕುಡಿಯುವುದು ಮೇಲು. ನಮ್ಮ ಮಿಕ್ಸಿಗಳನ್ನು ಮಾಡಿದ್ದೂ ಮಂಜುಗಡ್ಡೆಗೆಂದಲ್ಲ. ಗಟ್ಟಿ ಹಣ್ಣಿನ ಮೇಲೆ ಒಂದೇ ಸಮನೆ ಓಡಿಸಿದರೆ ಮೋಟಾರು ಬಿಸಿಯಾಗಿ ನಿಲ್ಲುತ್ತದೆ, ಆಗ ತಳದ ಕೆಂಪು ಗುಂಡಿ ಒತ್ತಬೇಕಾಗುತ್ತದೆ. ಹಣ್ಣನ್ನು ಐದು ನಿಮಿಷ ಹೊರಗಿಟ್ಟು, ಮೊದಲು ಹಾಲು ಸುರಿದು, ಬಿಟ್ಟು ಬಿಟ್ಟು ತಿರುಗಿಸಿದರೆ ಈ ಫಜೀತಿ ಇರದು. ಕರೆಂಟು ಬಹಳ ಹೊತ್ತು ಹೋಗಿ ಪೂರ್ತಿ ಕರಗಿದ ಹಣ್ಣನ್ನು ಮತ್ತೆ ಗಟ್ಟಿಮಾಡದೆ ಅಂದೇ ಮುಗಿಸುವುದು ಕ್ಷೇಮ.

2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ಗೃಹಬಳಕೆಯ ವಿದ್ಯುತ್ತನ್ನು ಉಚಿತವಾಗಿಸಿದ ಮೇಲೆ ಫ್ರಿಜ್ಜಿನ ಬಿಲ್ಲಿನ ಚಿಂತೆ ಹಲವು ಮನೆಗಳಲ್ಲಿ ಇಳಿದಿದೆ. ಬೆಲೆ ಕುಸಿದಾಗ ಗೊನೆಗಳು ತೋಟದಲ್ಲೇ ಉಳಿಯುವ ಊರುಗಳಲ್ಲಿ ಫ್ರೀಜರಿನ ಒಂದು ಡಬ್ಬಿ ರೈತನ ನಷ್ಟವನ್ನು ತುಂಬಲಾರದು ನಿಜ. ಅದಕ್ಕೆ ಬೇಕಾದದ್ದು ದೊಡ್ಡ ಶೈತ್ಯಾಗಾರ ಮತ್ತು ಸಂಸ್ಕರಣಾ ಘಟಕ. ಹಣ್ಣಿನ ಸಂಸ್ಕರಣೆಯ ತಿಳಿವಳಿಕೆಗೇನೂ ಕೊರತೆಯಿಲ್ಲ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಪಕ್ಕದ ಮೈಸೂರಿನಲ್ಲೇ ಇದೆ.

ತಳಿಗಳ ಮಟ್ಟಿಗೆ ಹೇಳುವುದಾದರೆ, ಜಿ9 ಗಾತ್ರ ಕೊಡುತ್ತದೆ, ಪರಿಮಳ ಕಡಿಮೆ. ನೇಂದ್ರ ಚಿಪ್ಸಿಗೆ ಸರಿ, ಲೋಟಕ್ಕೆ ಪಿಷ್ಟ ಹೆಚ್ಚು. ಹುಳಿಯ ಸಣ್ಣ ಎಳೆಯಿರುವ ಏಲಕ್ಕಿ ಬಾಳೆ, ಕಾಯಿಹಾಲು, ಸ್ವಲ್ಪ ಬೆಲ್ಲ ಸೇರಿದರೆ ಬೇರೆ ಸಿಹಿ ಬೇಕಿಲ್ಲ. ಈ ಸೀಮೆಯ ಸ್ಮೂದಿಗಳಲ್ಲಿ ಮೊದಲ ಸ್ಥಾನ ಅದಕ್ಕೇ ಸಲ್ಲಬೇಕು.