ಕೂಗಿನಿಂದ ಗಣಕಕ್ಕೆ: ಮುಂಬಯಿಯ ಷೇರುಪೇಟೆ

ಆಲದ ಮರದ ನೆಳಲಿನಲ್ಲಿ ನಿಂತು ವ್ಯವಹರಿಸುತ್ತಿದ್ದ ದಲ್ಲಾಳಿಗಳ ಗುಂಪು 1875ರಲ್ಲಿ ಸಂಘವಾಗಿ ಪರಿಣಮಿಸಿ, ಕಾಲಕ್ರಮದಲ್ಲಿ ದಲಾಲ್ ಸ್ಟ್ರೀಟಿನಲ್ಲಿ ನೆಲೆಯೂರಿ, ಒಂದು ಶತಮಾನಕ್ಕೂ ಮಿಗಿಲಾಗಿ ಕಂಠಬಲದಿಂದಲೂ ಕೈಸನ್ನೆಯಿಂದಲೂ ಷೇರುಗಳ ಕ್ರಯವಿಕ್ರಯವನ್ನು ನಡೆಸಿಕೊಂಡು ಬಂದಿತು. ಆ ಕೋಲಾಹಲದ ನಡುವೆ ನಿಜವಾದ ಧಾರಣೆ ಏನೆಂಬುದು ಹೊರಗೆ ನಿಂತ ಹೂಡಿಕೆದಾರನಿಗೆ ತಿಳಿಯುವುದು ದುಸ್ಸಾಧ್ಯವಾಗಿದ್ದಿತು. ದಲ್ಲಾಳಿ ಹೇಳಿದ್ದೇ ಬೆಲೆ!

1992ರಲ್ಲಿ ಸ್ಥಾಪಿತವಾದ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ 1994ರ ನವೆಂಬರಿನಲ್ಲಿ ಷೇರು ವಹಿವಾಟನ್ನು ಆರಂಭಿಸಿದಾಗ ಅದಕ್ಕೆ ಕೂಗುವ ಅಂಗಣವೇ ಇರಲಿಲ್ಲ. ದೂರದೂರದ ಊರುಗಳ ದಲ್ಲಾಳಿಗಳ ಗಣಕಗಳು ಉಪಗ್ರಹ ಸಂಪರ್ಕದ ಮೂಲಕ ಮುಂಬಯಿಯ ಕೇಂದ್ರ ಗಣಕದೊಡನೆ ಬೆಸೆದುಕೊಂಡಿದ್ದುವು. ಹಳೆಯ ಪೇಟೆಯೂ ಮರುವರ್ಷವೇ ‘ಬೋಲ್ಟ್’ ಎಂಬ ಯಂತ್ರವ್ಯವಸ್ಥೆಯನ್ನು ಅಂಗೀಕರಿಸಿ ಮೌನವನ್ನು ತಾಳಿತು.

ಈ ಯಂತ್ರವ್ಯವಸ್ಥೆಯ ಮರ್ಮ ಸರಳವಾದುದು: ಕೊಳ್ಳುವವರಲ್ಲಿ ಅಧಿಕ ಬೆಲೆ ಕೊಡುವವನೂ ಮಾರುವವರಲ್ಲಿ ಕಡಮೆ ಬೆಲೆ ಕೇಳುವವನೂ ಮುಂದೆ ನಿಲ್ಲುವರು; ಬೆಲೆ ಸಮವಾದಲ್ಲಿ ಮೊದಲು ಬಂದ ಆದೇಶಕ್ಕೇ ಅಗ್ರಸ್ಥಾನ. ಎರಡೂ ಬೆಲೆಗಳು ಸಂಧಿಸಿದ ಕ್ಷಣವೇ ವ್ಯವಹಾರ ಕುದುರಿದಂತೆ. ಎದುರಿನವನು ಯಾರೆಂಬುದನ್ನು ಯಂತ್ರವು ತಿಳಿಸದು. ಕಾಗದದ ಷೇರುಪತ್ರಗಳ ಹೊರೆ ಮಾತ್ರ ಒಡನೆಯೇ ಇಳಿಯಲಿಲ್ಲ. ಅದಕ್ಕೆ 1996ರಲ್ಲಿ, ಷೇರುಗಳನ್ನು ಕಾಗದವಿಲ್ಲದೆ ಗಣಕದ ದಾಖಲೆಯಾಗಿಯೇ ಕಾಯ್ದಿರಿಸುವ ಡಿಪಾಸಿಟರಿಯೂ ಅಲ್ಲಿ ಹೂಡಿಕೆದಾರನ ಹೆಸರಿನಲ್ಲಿರುವ ಡಿಮ್ಯಾಟ್ ಖಾತೆಯೂ ಬರಬೇಕಾಯಿತು.