ಉಸಿರಿಗೆ ಬದಲಿ ಆಸರೆ

ಶ್ವಾಸಕೋಶವನ್ನು ಬದಲಾಯಿಸುವಾಗ ರೋಗಿಯ ರಕ್ತಕ್ಕೆ ಆಕ್ಸಿಜನ್ ಒದಗಿಸುವುದು ಹೇಗೆ? ಈ ಪ್ರಶ್ನೆಯ ಉತ್ತರ ಅರ್ಧ ಶತಮಾನದಲ್ಲಿ ಹಲವು ಬಾರಿ ಬದಲಾಗಿದೆ.

1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ 18 ವರ್ಷದ ಯುವತಿಯ ಹೃದಯದ ರಂಧ್ರವನ್ನು ಮುಚ್ಚಿದರು. ಆಗ 26 ನಿಮಿಷ ಹೃದಯ, ಶ್ವಾಸಕೋಶಗಳೆರಡರ ಕೆಲಸವನ್ನೂ ಯಂತ್ರವೇ ಮಾಡಿತು. 1963ರಲ್ಲಿ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಮೊದಲ ಬಾರಿಗೆ ಮನುಷ್ಯನಿಗೆ ಶ್ವಾಸಕೋಶ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. ದೀರ್ಘಕಾಲದ ಯಶಸ್ಸು ದೊರೆತದ್ದು 1983ರಲ್ಲಿ, ಟೊರಾಂಟೊದ ಜೋಯೆಲ್ ಕೂಪರ್ ತಂಡಕ್ಕೆ.

1986ರಲ್ಲಿ ಅದೇ ತಂಡ ಎರಡೂ ಶ್ವಾಸಕೋಶಗಳನ್ನು ಒಟ್ಟಿಗೆ ಕಸಿ ಮಾಡಿತು. ಉಸಿರಾಡಲು ಒಂದೂ ಉಳಿಯದ್ದರಿಂದ ಯಂತ್ರ ಅನಿವಾರ್ಯವಾಗಿತ್ತು. ಮುಂದೆ ಒಂದಾದ ಮೇಲೊಂದರಂತೆ ಹೊಲಿಯುವ ವಿಧಾನ ಬಂದಿತು. ಒಂದನ್ನು ಬದಲಾಯಿಸುವಾಗ ಇನ್ನೊಂದು ಉಸಿರಾಡುತ್ತದೆ. ಹೀಗಾಗಿ ಅನೇಕರಿಗೆ ಯಂತ್ರವೇ ಬೇಡವಾಯಿತು. ಆದರೆ ಒಂದು ಕಡೆಯ ಅಪಧಮನಿಯನ್ನು ಬಿಗಿದಾಗ ಹೃದಯದ ಬಲಭಾಗ ಎಲ್ಲ ರಕ್ತವನ್ನೂ ಉಳಿದ ರೋಗಗ್ರಸ್ತ ಶ್ವಾಸಕೋಶಕ್ಕೇ ತಳ್ಳಬೇಕು. ಅದು ಸೋತರೆ ಯಂತ್ರದ ಆಸರೆ ಬೇಕು.

ಯಾವ ಯಂತ್ರ? ಹಳೆಯ ಹೃದಯ-ಶ್ವಾಸಕೋಶ ಯಂತ್ರದಲ್ಲಿ ರಕ್ತ ಒಂದು ತೊಟ್ಟಿಯಲ್ಲಿ ಸಂಗ್ರಹವಾಗಿ ಗಾಳಿಯ ಸಂಪರ್ಕಕ್ಕೆ ಬರುತ್ತದೆ. ಹೆಪ್ಪುಗಟ್ಟದಂತೆ ಹೆಪಾರಿನ್ ಹೆಚ್ಚು ಕೊಡಬೇಕು; ರಕ್ತಸ್ರಾವ, ಉರಿಯೂತಗಳ ಅಪಾಯವಿದೆ. ಆದರೆ ಚೆಲ್ಲಿದ ರಕ್ತವನ್ನು ಹೀರಿ ನೇರ ಮರಳಿಸಬಹುದು. ಎಕ್ಮೊ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ತೊಟ್ಟಿಯಿಲ್ಲ, ಮುಚ್ಚಿದ ಸುತ್ತು. ಪೊರೆಯ ಮೂಲಕ ಆಕ್ಸಿಜನ್ ರಕ್ತಕ್ಕೆ ಸೇರುತ್ತದೆ. ಹೆಪಾರಿನ್ ಕಡಿಮೆ ಸಾಕು. ಬೇಕಾದರೆ ಶಸ್ತ್ರಚಿಕಿತ್ಸೆಯ ನಂತರವೂ ಮುಂದುವರಿಸಬಹುದು. ರಾಬರ್ಟ್ ಬಾರ್ಟ್ಲೆಟ್ 1975ರಲ್ಲಿ ಇದರಿಂದ ನವಜಾತ ಶಿಶುವನ್ನು ಉಳಿಸಿದ್ದರು. ಆದರೆ ಇದರ ಕೊಳವೆಗೆ ಗಾಳಿ ನುಗ್ಗಿದರೆ ಅಪಾಯ ಹೆಚ್ಚು.

2012ರಲ್ಲಿ ಜರ್ಮನಿಯ ಹ್ಯಾನೋವರ್ ವೈದ್ಯರು ಎರಡನ್ನೂ ಹೋಲಿಸಿ ಎಕ್ಮೊ ಮೇಲೆಂದರು. ಇಂದು ಅನೇಕ ಕೇಂದ್ರಗಳು ಎಕ್ಮೊವನ್ನೇ ನೆಚ್ಚಿಕೊಂಡಿವೆ.

ಇಲ್ಲಿ ವಿದ್ಯಾರ್ಥಿಗಳು ಒಂದನ್ನು ಗಮನಿಸಬೇಕು. ಯಂತ್ರವಿಲ್ಲದೆ ಕಸಿ ಮಾಡಿದವರು ಚೆನ್ನಾಗಿ ಚೇತರಿಸಿಕೊಂಡರೆ ಯಂತ್ರವೇ ಕೆಟ್ಟದ್ದೆನ್ನಬಹುದೆ? ಯಂತ್ರ ಹಾಕುವುದು ಹೆಚ್ಚಾಗಿ ತೀವ್ರ ಅಸ್ವಸ್ಥರಿಗೆ, ಅಥವಾ ಶಸ್ತ್ರಚಿಕಿತ್ಸೆ ನಡುವೆ ಕೈಕೊಟ್ಟಾಗ. ಅಂಥವರ ಫಲಿತಾಂಶ ಮೊದಲೇ ಹಿಂದಿರುತ್ತದೆ. ಸಮಾನ ಸ್ಥಿತಿಯ ರೋಗಿಗಳನ್ನು ಹೋಲಿಸದಿದ್ದರೆ ರೋಗದ ತಪ್ಪು ಯಂತ್ರದ ತಲೆಗೆ ಬೀಳುತ್ತದೆ. ಯಾವ ಅಂಕಿ ಅಂಶವನ್ನು ಓದುವಾಗಲೂ ಮೊದಲು ಕೇಳಿ: ಇಲ್ಲಿ ಹೋಲಿಸಿರುವುದು ಯಾರನ್ನು ಯಾರೊಂದಿಗೆ?