ಬಾಯ್ಕಾಟ್ ಅಂದ್ರೆ ಒಬ್ಬ ಮನುಷ್ಯ!

ವಾರಕ್ಕೆ ಒಮ್ಮೆಯಾದರೂ ನಾನು ಸ್ಕ್ರೀನ್ ಮೇಲೆ ಈ ಪದ ಹೇಳುತ್ತೇನೆ. ಸಿನಿಮಾ ಬಾಯ್ಕಾಟ್, ಚುನಾವಣೆ ಬಾಯ್ಕಾಟ್, ಸಭೆ ಬಾಯ್ಕಾಟ್. ಆದರೆ ಇದು ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು? ಕ್ರಿಕೆಟ್‌ನ ಜೆಫ್ರಿ ಬಾಯ್ಕಾಟ್ ಅಲ್ಲ ಸ್ವಾಮಿ. ಇವನು ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್.

1880, ಐರ್ಲೆಂಡಿನ ಮೇಯೋ ಕೌಂಟಿ. ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುವುದು ಕ್ಯಾಪ್ಟನ್ ಕೆಲಸ. ಬೆಳೆ ಕೈಕೊಟ್ಟಿತ್ತು. ಗೇಣಿ ಶೇ. 25 ಇಳಿಸಿ ಅಂದರು ರೈತರು. 10ರ ಮೇಲೆ ಇಲ್ಲ ಅಂದ ಧಣಿ. ಒಕ್ಕಲೆಬ್ಬಿಸುವ ನೋಟಿಸು ಹೊರಟಿತು.

ಅದೇ ಸೆಪ್ಟೆಂಬರ್‌ನಲ್ಲಿ ನಾಯಕ ಪಾರ್ನೆಲ್ ಎನ್ನಿಸ್ ಪಟ್ಟಣದಲ್ಲಿ ಭಾಷಣ ಮಾಡಿದ್ದ. ಒಕ್ಕಲೆಬ್ಬಿಸಿದ ಹೊಲವನ್ನು ಯಾರಾದರೂ ಹಿಡಿದರೆ ಕೊಲ್ಲುವುದು ಬೇಡ, ಬೀದಿಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಅವನ ಸಹವಾಸ ಬಿಡಿ ಎಂಬುದು ಅದರ ಸಾರ. ಜನ ಆ ಮದ್ದನ್ನು ಕ್ಯಾಪ್ಟನ್ ಮೇಲೇ ಪ್ರಯೋಗಿಸಿದರು. ಆಳುಗಳು ಹೊಲ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆದರಿಕೆಗಳೂ ಇದ್ದವು.

ಕೊನೆಗೆ ಬೆಳೆ ಕೀಳಲು ಉತ್ತರದಿಂದ 50 ಮಂದಿ ಬಂದರು. ಅವರ ಕಾವಲಿಗೆ ಹತ್ತಿರ ಹತ್ತಿರ ಸಾವಿರ ಸೈನಿಕರು, ಪೊಲೀಸರು! ಸುಮಾರು 500 ಪೌಂಡ್ ಬೆಳೆಗೆ 10,000 ಪೌಂಡ್ ಖರ್ಚು ಅಂತ ಆಗಲೇ ಲೆಕ್ಕ ಹಾಕಿದರು. ಡಿಸೆಂಬರ್ 1ರಂದು ಕ್ಯಾಪ್ಟನ್ ಊರು ಬಿಟ್ಟ. ಹೆಸರು ಮಾತ್ರ ಉಳಿಯಿತು.

ಹೇಗೆ? ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಹೇಳುವಂತೆ, 'ಆಸ್ಟ್ರಸೈಸ್' ಎಂಬ ಪಂಡಿತರ ಪದ ರೈತರಿಗೆ ಅರ್ಥವಾಗಲ್ಲ ಅಂದುಕೊಂಡ ಊರಿನ ಪಾದ್ರಿ ಓಮ್ಯಾಲಿ, 'ಬಾಯ್ಕಾಟ್ ಮಾಡೋಣ' ಅಂದುಬಿಟ್ಟ. ವರ್ಷ ಮುಗಿಯುವ ಮೊದಲೇ ಅದು ಪತ್ರಿಕೆಗಳ ಕ್ರಿಯಾಪದ. 1905ರ ಆಗಸ್ಟ್ 7ಕ್ಕೆ ಕಲ್ಕತ್ತಾದ ಟೌನ್ ಹಾಲ್‌ನಲ್ಲಿ ಬ್ರಿಟಿಷ್ ಸರಕಿನ ವಿರುದ್ಧವೇ ನಮ್ಮವರು ಅದನ್ನು ಹಿಡಿದರು.

ಇಂಜಿನಿಯರಿಂಗ್ ಓದಿದವನು ನಾನು. ಬಲಕ್ಕೆ ಪ್ರಮಾಣ ಮಾತ್ರ ಸಾಲದು, ದಿಕ್ಕೂ ಬೇಕು ಅಂತ ಮೊದಲ ವರ್ಷವೇ ಕಲಿಸುತ್ತಾರೆ. ಮೇಯೋದಲ್ಲಿ ಆ ಬಲ ಕೆಳಗಿನಿಂದ ಮೇಲಕ್ಕೆ ಹೋಯಿತು. ಇವತ್ತು ನಮ್ಮ ಹಳ್ಳಿಯಲ್ಲಿ ಒಂದು ದಲಿತ ಕುಟುಂಬಕ್ಕೆ ಹಾಲು, ದಿನಸಿ, ಕೂಲಿ ನಿಲ್ಲಿಸಿದಾಗಲೂ ನಾನು 'ಸಾಮಾಜಿಕ ಬಾಯ್ಕಾಟ್' ಅಂತಲೇ ಓದುತ್ತೇನೆ. ಪದ ಅದೇ, ದಿಕ್ಕು ತಿರುಗಿದೆ. ಕ್ಯಾಪ್ಟನ್ ಬೆನ್ನಿಗೆ ಸಾವಿರ ಬಂದೂಕು ಇತ್ತು. ಈ ಕುಟುಂಬದ ಬೆನ್ನಿಗೆ ಯಾರಿದ್ದಾರೆ?

ಮುಂದಿನ ಸಲ ಯಾರಾದರೂ ಬಾಯ್ಕಾಟ್ ಅಂದರೆ ಒಂದೇ ಪ್ರಶ್ನೆ ಕೇಳಿ: ಯಾರು, ಯಾರನ್ನ?